ಕಪ್ಪೆ ಪುಸ್ತಕದ ಲೇಖಕಿ ಜೊತೆ ಆನ್‌ಲೈನ್ ಮಾತುಕತೆ: ಏನು ಕೇಳೋಣ, ಯಾರು ಕೇಳೋಣ?

ಸಾಗರದ ಓದುಗಿತ್ತಿ:
ಎಲ್ಲರಿಗೂ ನಮಸ್ಕಾರ. ಕಡೆಗೂ ಒಪ್ಪಿಕೊಂಡರು! ಪಶ್ಚಿಮ ಘಟ್ಟದ ಕಪ್ಪೆಗಳ ಬಗ್ಗೆ ನಾವು ಎರಡು ತಿಂಗಳಿಂದ ಓದುತ್ತಿರುವ ಪುಸ್ತಕದ ಲೇಖಕಿ ನಮಗೆ ಒಂದು ಗಂಟೆ ಕೊಟ್ಟಿದ್ದಾರೆ. ನವೆಂಬರ್ 1, ಭಾನುವಾರ, ಸಂಜೆ 7ಕ್ಕೆ.

ಕಳೆದ ಸಲ ಖಗೋಳದ ಪುಸ್ತಕ ಬರೆದವರನ್ನು ಕರೆದಾಗ ಏನಾಯ್ತು ಅಂತ ನೆನಪಿದೆ ಅಲ್ವಾ? "ನಿಮಗೆ ಬರೆಯಲು ಪ್ರೇರಣೆ ಏನು" ಅಂತ ನಾಲ್ಕು ಜನ ಸಾಲಾಗಿ ಕೇಳಿದರು. ನಾಲ್ಕನೇ ಸಲ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಶನಿಗ್ರಹದ ಉಂಗುರದ ವಿಷಯ ಬಂದಾಗ ಯಾರದೋ ಮನೆಯಲ್ಲಿ ಮಿಕ್ಸಿ ಶುರುವಾಯ್ತು. ನಲವತ್ತನೇ ನಿಮಿಷಕ್ಕೆ ಝೂಮ್ ಕಟ್ ಆಗಿ, ವಂದನೆ ಹೇಳುವುದಕ್ಕೂ ಆಗಲಿಲ್ಲ. ನನಗೆ ಒಂದು ವಾರ ಮುಖ ತೋರಿಸಲು ನಾಚಿಕೆ.

ಈ ಸಲ ಹಾಗಾಗಬಾರದು. ಒಬ್ಬೊಬ್ಬರು ಒಂದೊಂದು ಪ್ರಶ್ನೆ ಇಲ್ಲಿ ಹಾಕಿ. ಯಾವ ಪುಟ ಓದುವಾಗ ಬಂದ ಪ್ರಶ್ನೆ ಅಂತಲೂ ಬರೆಯಿರಿ. ಆಮೇಲೆ ಎಂಟು ಆರಿಸೋಣ. ನೆನಪಿರಲಿ, ಅವರು ಪತ್ರಕರ್ತೆ, ಕಪ್ಪೆ ಸಂಶೋಧಕಿ ಅಲ್ಲ. ಹಾಗಾಗಿ ಪರೀಕ್ಷೆಯ ಪ್ರಶ್ನೆ ಬೇಡ.

ಬಯಲುಸೀಮೆ ಬಸ್ಯಾ:
ಮಿಕ್ಸಿ ನಮ್ಮನೇದು ಅಕ್ಕಾ. ಶೇಂಗಾ ಚಟ್ನಿ. ಕ್ಷಮೆ ಇರಲಿ.

ಬಹ್ರೇನ್ ಭಟ್ಟ:
ಅಂತೂ ಒಪ್ಪಿಕೊಂಡೆಯಲ್ಲಪ್ಪ! ಆರು ತಿಂಗಳಿಂದ ಎಲ್ಲರೂ ನನ್ನ ಮೇಲೆ ಅನುಮಾನ ಪಡುತ್ತಿದ್ದರು.

ಮಿಡಿ ಉಪ್ಪಿನಕಾಯಿ:
ನವೆಂಬರ್ 1ಕ್ಕೆ ರಾಜ್ಯೋತ್ಸವ ಅಕ್ಕ! ನಮ್ಮ ಬಡಾವಣೆಯಲ್ಲಿ ಸಂಜೆ ಆರರಿಂದ ಆರ್ಕೆಸ್ಟ್ರಾ. ಸ್ಪೀಕರ್ ನಮ್ಮ ಕಿಟಕಿಗೇ ತಿರುಗಿಸಿ ಕಟ್ಟುತ್ತಾರೆ. ಲೇಖಕಿಗೆ ಕಪ್ಪೆ ಅಲ್ಲ, ಬರೀ ಡ್ರಮ್ಸ್ ಕೇಳಿಸುತ್ತೆ.

ಸ್ಯಾನ್ ಹೋಸೆ ಸುಬ್ಬ:
ನಮ್ಮ ಕನ್ನಡ ಕೂಟದ ಕಾರ್ಯಕ್ರಮವೂ ಅವತ್ತೇ. ಆದರೆ ನಿಮ್ಮ ಸಂಜೆ 7 ಅಂದರೆ ನಮಗೆ ಬೆಳಗ್ಗೆ 6.30, ಹಾಗಾಗಿ ತೊಂದರೆ ಇಲ್ಲ. ಕಾಫಿ ಹಿಡ್ಕೊಂಡು ಕೂರುತ್ತೇನೆ.

ಕುಡ್ಲದ ಹುಡುಗಿ:
ಸುಬ್ಬಣ್ಣ, ನವೆಂಬರ್ ಮೊದಲ ಭಾನುವಾರವೇ ಅಲ್ವಾ ನಿಮ್ಮಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುವುದು? ರಾತ್ರಿ 2ಕ್ಕೇ ಬದಲಾಗಿರುತ್ತದೆ. ಅಂದರೆ ನಿಮಗೆ 5.30.

ಸ್ಯಾನ್ ಹೋಸೆ ಸುಬ್ಬ:
ಅಯ್ಯೋ ರಾಮ. ಹೌದು. ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ, ಪ್ರತಿ ವರ್ಷವೂ ಮರೆಯುತ್ತೇನೆ.

ನಿವೃತ್ತ ಮೇಷ್ಟ್ರು:
ದಿನಾಂಕದ ವಿಷಯ ನೀವು ಹುಡುಗರು ನೋಡಿಕೊಳ್ಳಿ. ನಾನು ನೇರವಾಗಿ ವಿಷಯಕ್ಕೆ ಬರುತ್ತೇನೆ. ಪುಟ 9 ತೆಗೆಯಿರಿ. ಕಪ್ಪೆಯನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ನಿಧಾನವಾಗಿ ಕಾಯಿಸಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಹಾಗೇ ಬೆಂದುಹೋಗುತ್ತದೆ, ಭೂಮಿ ಬಿಸಿಯಾಗುವಾಗ ನಮ್ಮ ಕಥೆಯೂ ಅದೇ, ಅಂತ ಬರೆದಿದ್ದಾರೆ.

ಇದು ಶುದ್ಧ ಸುಳ್ಳು. 1869ರಲ್ಲೇ ಜರ್ಮನಿಯ ಗೋಲ್ಟ್ಸ್ ಎಂಬ ಶರೀರವಿಜ್ಞಾನಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದ. ಸುಮ್ಮನೆ ಕೂತಿದ್ದು ಮಿದುಳು ತೆಗೆದ ಕಪ್ಪೆ. ಮಿದುಳಿದ್ದ ಕಪ್ಪೆ ನೀರು 25 ಡಿಗ್ರಿ ಆಗುತ್ತಿದ್ದಂತೆ ಹೊರಗೆ ಬರಲು ಒದ್ದಾಡಿತು. ಕಪ್ಪೆಯ ಮೇಲೆ ಪುಸ್ತಕ ಬರೆದವರು ಒಂಬತ್ತನೇ ಪುಟದಲ್ಲೇ ಕಪ್ಪೆಗೆ ಅವಮಾನ ಮಾಡಬಹುದೇ? ಇದೇ ನನ್ನ ಪ್ರಶ್ನೆ. ಮೊದಲನೇ ಪ್ರಶ್ನೆಯಾಗಿಯೇ ಕೇಳುತ್ತೇನೆ.

ಮಿಡಿ ಉಪ್ಪಿನಕಾಯಿ:
ಮೇಷ್ಟ್ರೇ, ಮನೆಗೆ ಊಟಕ್ಕೆ ಕರೆದು, ಎಲೆ ಹಾಕಿ, ಪಾಯಸ ಬಡಿಸುವ ಮೊದಲೇ ಹಳೇ ಸಾಲದ ಲೆಕ್ಕ ಕೇಳಿದ ಹಾಗಾಗುತ್ತೆ. ಬೇಡ.

ನಿವೃತ್ತ ಮೇಷ್ಟ್ರು:
ಸಾಲ ಇದ್ದರೆ ಕೇಳಬೇಕಮ್ಮ.

ರಾಜಾನುಕುಂಟೆ ಲೋಕಲ್:
ನಾನು ಮೇಷ್ಟ್ರ ಕಡೆ. ವಿಜ್ಞಾನ ಪುಸ್ತಕ ಅಂದಮೇಲೆ ತಪ್ಪು ತಪ್ಪೇ. ಕಾದಂಬರಿ ಆಗಿದ್ದರೆ ಬಿಡಬಹುದಿತ್ತು. ಆದರೆ ಮೊದಲ ಪ್ರಶ್ನೆಯಾಗಿ ಬೇಡ. ಮಧ್ಯದಲ್ಲಿ, ಮೆತ್ತಗೆ.

ಕುಡ್ಲದ ಹುಡುಗಿ:
ಅದು ಹೋಲಿಕೆ ಅಷ್ಟೇ. "ಕೂಪಮಂಡೂಕ" ಅನ್ನುತ್ತೇವೆ, ಬಾವಿ ಕಪ್ಪೆಗೆ ಪ್ರಪಂಚಜ್ಞಾನ ಇಲ್ಲ ಅಂತ ಯಾರು ಪ್ರಯೋಗ ಮಾಡಿ ನೋಡಿದ್ದಾರೆ? ಮೇಷ್ಟ್ರು ಅದಕ್ಕೂ ಆಕ್ಷೇಪ ಎತ್ತುತ್ತಾರಾ?

ನಿವೃತ್ತ ಮೇಷ್ಟ್ರು:
ಎತ್ತುತ್ತೇನೆ. ಬಾವಿ ಕಪ್ಪೆಗೆ ಬಾವಿಯ ಬಗ್ಗೆ ನಮಗಿಂತ ಚೆನ್ನಾಗಿ ಗೊತ್ತು.

ಬಹ್ರೇನ್ ಭಟ್ಟ:
ಅವರಿಗೆ ಖಾಸಗಿಯಾಗಿ ಒಂದು ಮೇಲ್ ಹಾಕಿದರೆ ಆಯ್ತಲ್ಲ? ಮುಂದಿನ ಮುದ್ರಣದಲ್ಲಿ ತಿದ್ದಿಕೊಳ್ಳುತ್ತಾರೆ. ಮೂವತ್ತು ಜನರ ಮುಂದೆ ಹೇಳಿದರೆ ಯಾರಿಗೇ ಆದರೂ ಮುಖ ಕೆಂಪಾಗುತ್ತದೆ. ಆಮೇಲೆ ಉಳಿದ ಐವತ್ತು ನಿಮಿಷ ಅವರು ಒಂದೊಂದು ಮಾತನ್ನೂ ತೂಕ ಹಾಕಿ ಆಡುತ್ತಾರೆ. ನಷ್ಟ ನಮಗೇ.

ರಾಜಾನುಕುಂಟೆ ಲೋಕಲ್:
ಖಾಸಗಿ ಮೇಲ್ ಹಾಕಿದರೆ ತಪ್ಪು ಓದಿಕೊಂಡ ನಮಗೆ ಯಾರು ಹೇಳುತ್ತಾರೆ ಭಟ್ರೇ? ನಾನು ಆ ಬಿಸಿನೀರಿನ ಕಥೆಯನ್ನು ಆಫೀಸ್ ಮೀಟಿಂಗಿನಲ್ಲಿ ಹೇಳಿ ಚಪ್ಪಾಳೆ ತಗೊಂಡಿದ್ದೇನೆ. ಈಗ ಅವರ ಮುಂದೆ ಹೇಗೆ ನಿಲ್ಲಲಿ?

ಬಯಲುಸೀಮೆ ಬಸ್ಯಾ:
ಮಿದುಳು ತೆಗೆದ ಕಪ್ಪೆ ಸುಮ್ಮನೆ ಕೂತಿತ್ತು ಅಂದರೆ, ನಮ್ಮ ಆಫೀಸಿನ ಮೀಟಿಂಗಿಗೂ ಹೋಲಿಕೆ ಸರಿಹೋಗುತ್ತದಲ್ಲ.

ಸಾಗರದ ಓದುಗಿತ್ತಿ:
ಅಯ್ಯೋ ನಿಮ್ಮನ್ನೆಲ್ಲ ಒಂದು ಕಡೆ ಕೂರಿಸುವುದು ಅಂದರೆ ಕಪ್ಪೆ ತಕ್ಕಡಿಗೆ ಹಾಕಿದ ಹಾಗೆ. ಒಬ್ಬರನ್ನು ಹಾಕಿದರೆ ಇಬ್ಬರು ಹಾರುತ್ತೀರಿ. ಬಿಸಿನೀರಿನ ವಿಷಯ ಸ್ವಲ್ಪ ಬದಿಗಿಡಿ. ಬೇರೆ ಪ್ರಶ್ನೆ ಹಾಕಿ.

ದಿನಾಂಕ: ಲೇಖಕಿಗೆ ಕೇಳಿದೆ, 8ನೇ ತಾರೀಕು ಆಗಬಹುದು ಅಂದರು. ಅದೇ ಸಂಜೆ 7. ಸುಬ್ಬ, ನಿನಗೆ 5.30ಯೇ.

ಸ್ಯಾನ್ ಹೋಸೆ ಸುಬ್ಬ:
ಏಳುತ್ತೇನೆ ಅಕ್ಕ. ಕ್ಯಾಮೆರಾ ಮಾತ್ರ ಆನ್ ಮಾಡಲ್ಲ.

ಮೆಲ್ಬರ್ನ್ ಗೂಡು:
ನನಗೆ ರಾತ್ರಿ 12.30. ಸೋಮವಾರ ಕೆಲಸ. ಯಾರಾದರೂ ರೆಕಾರ್ಡ್ ಮಾಡಿ, ಪುಣ್ಯ ಬರುತ್ತೆ.

ಜೀನಿಯಸ್ ಗಿರಿ:
ನಾನು ಎಐಗೆ ಕೇಳಿ ಹತ್ತು ಪ್ರಶ್ನೆ ಮಾಡಿಸಿದೆ, ಎರಡು ನಿಮಿಷದ ಕೆಲಸ. ಸ್ಯಾಂಪಲ್: "ನಿಮ್ಮ ಏಳನೇ ಅಧ್ಯಾಯದಲ್ಲಿ ಅಮೆಜಾನ್ ಕಪ್ಪೆಗಳ ವಿಷದ ಬಗ್ಗೆ ಬರೆಯುವಾಗ ಎದುರಾದ ಸವಾಲುಗಳೇನು?" ಉಳಿದದ್ದು ಬೇಕಾದರೆ ಹಾಕುತ್ತೇನೆ.

ಪುಟ ತಿರುವಿದವ:
ಏಳನೇ ಅಧ್ಯಾಯ ನಮ್ಮ ಘಟ್ಟದ ಕತ್ತಲೆಕಾನು ಅನ್ನುವ ಕಾಡಿನ ಬಗ್ಗೆ ಗಿರಿ. ಅಮೆಜಾನ್ ಈ ಪುಸ್ತಕದಲ್ಲೇ ಇಲ್ಲ.

ಜೀನಿಯಸ್ ಗಿರಿ:
ಹೋ. ಹಾಗಾದರೆ ಬೇಡ ಬಿಡಿ.

ಮಿಡಿ ಉಪ್ಪಿನಕಾಯಿ:
ಕತ್ತಲೆಕಾನು ಅಂದ ಕೂಡಲೇ ನೆನಪಾಯ್ತು. ನನ್ನ ಪ್ರಶ್ನೆ ಅಲ್ಲಿಂದಲೇ, ಪುಟ 118. ಅಲ್ಲಿನ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡು, ನಮ್ಮ ಅಜ್ಜನ ಮನೆಯಿಂದ ದೂರ ಇಲ್ಲ. ಕುಂಬಾರ ಕಪ್ಪೆ ಅಂತ 2014ರಲ್ಲಿ ಹೆಸರಿಟ್ಟರಲ್ಲ, ಕೆ.ವಿ. ಗುರುರಾಜ ಅವರ ತಂಡ, ಅದೇ ಕಪ್ಪೆ. ನೀರಿನ ಮೇಲಿರುವ ಕಡ್ಡಿಗೋ ಎಲೆಗೋ ಹೆಣ್ಣು ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹೊಳೆಯ ಕೆಸರನ್ನು ಮುಂಗೈಯಲ್ಲಿ ತಂದು ತಂದು ಮೊಟ್ಟೆಗೆ ಮೆತ್ತುತ್ತದೆ. ಗಡಿಗೆ ಮಾಡುವವರ ಹಾಗೇ. ವೈಜ್ಞಾನಿಕ ಹೆಸರಿನಲ್ಲೂ "ಕುಂಬಾರ" ಅಂತಲೇ ಇದೆ, ನಿಕ್ಟಿಬಾಟ್ರಾಕಸ್ ಕುಂಬಾರ.

ಆ ಕೆಸರು ಯಾಕೆ? ಮೊಟ್ಟೆ ಒಣಗದಿರಲಿ ಅಂತನಾ, ತಿನ್ನುವವರ ಕಣ್ಣಿಗೆ ಬೀಳದಿರಲಿ ಅಂತನಾ? ಲೇಖಕಿ ರಾತ್ರಿ ಹೊಳೆಯಲ್ಲಿ ನಿಂತು ನೋಡಿದ್ದಾರಂತೆ. ಅವರಿಗೆ ಏನನ್ನಿಸಿತು? ನಾನು ಬೇಸಿಗೆ ರಜೆಗೆಲ್ಲ ಅಲ್ಲೇ ಬೆಳೆದವಳು, ಒಂದು ದಿನವೂ ನೋಡಿಲ್ಲ. ರಾತ್ರಿ ಅಲ್ಲಿಂದ ಟಕ್ ಟಕ್ ಅಂತ ಕೇಳಿದರೆ ಅಜ್ಜಿ ಕಿಟಕಿ ಹಾಕು ಅನ್ನುತ್ತಿದ್ದರು.

ಸಾಗರದ ಓದುಗಿತ್ತಿ:
ನೋಡಿ, ನಾನು ಹೇಳಿದ್ದು ಇಂಥ ಪ್ರಶ್ನೆ. ಗೂಗಲ್‌ನಲ್ಲಿ ಸಿಗುವುದನ್ನು ಅವರ ಬಾಯಿಂದ ಹೇಳಿಸುವುದು ಯಾಕೆ? ಅಜ್ಜಿ ಕಿಟಕಿಯ ವಿಷಯ ಸೇರಿಸಿಯೇ ಕೇಳು.

ಕುಡ್ಲದ ಹುಡುಗಿ:
ನನ್ನದು ಊರಿನ ಜಂಬ. ಪುಟ 164ರಲ್ಲಿ ನಮ್ಮ ಮಂಗಳೂರಿನ ಕಪ್ಪೆಗೆ ನಾಲ್ಕೇ ಸಾಲು! 2018ರಲ್ಲಿ ಗುರುತಿಸಿದ ಮೈಕ್ರೋಹೈಲಾ ಕೊಡಿಯಾಲ್. ಕೊಡಿಯಾಲ್ ಅಂದರೆ ಕೊಂಕಣಿಯಲ್ಲಿ ಮಂಗಳೂರು. ಕಾಡಿನಲ್ಲಲ್ಲ, ಊರಿನ ಮಗ್ಗುಲಲ್ಲೇ ಸಿಕ್ಕಿದ್ದು. ಘಟ್ಟದ ಕಪ್ಪೆಗೆ ಒಂದು ಅಧ್ಯಾಯ, ನಮ್ಮದಕ್ಕೆ ನಾಲ್ಕು ಸಾಲು. ಯಾಕೆ ಮೇಡಂ ಈ ತಾರತಮ್ಯ?

ರಾಜಾನುಕುಂಟೆ ಲೋಕಲ್:
ಜಂಬ ಅಂದರೆ ನಾನೂ ಬರುತ್ತೇನೆ. 2020ರಲ್ಲಿ ನಮ್ಮ ಕಡೆಯ ಬಿಲಗಪ್ಪೆಗೆ ಸ್ಫೇರೋಥೀಕಾ ಬೆಂಗಳೂರು ಅಂತಲೇ ಹೆಸರಿಟ್ಟರು. ನೆಲದೊಳಗೆ ಹೂತುಕೊಂಡು ಕೂರುತ್ತದೆ, ಮಳೆ ಬಿದ್ದರೆ ಮೇಲೆ ಬರುತ್ತದೆ. ಈಗ ಇಲ್ಲಿ ಎಲ್ಲಿ ನೋಡಿದರೂ ಜೆಸಿಬಿ. ನಮ್ಮ ಲೇಔಟಿಗೆ ಪಾಯ ತೆಗೆದಾಗ ಮಣ್ಣಿನ ಹೆಂಟೆಯೊಳಗಿಂದ ಒಂದು ಉರುಟು ಕಪ್ಪೆ ಬಿತ್ತು. ಮೇಸ್ತ್ರಿ ಅದನ್ನು ಸಿಮೆಂಟ್ ಬಾಂಡಲಿಯಲ್ಲಿ ಎತ್ತಿ ಪಕ್ಕದ ಸೈಟಿಗೆ ಹಾಕಿದ. ಮಾರನೇ ವಾರ ಪಕ್ಕದ ಸೈಟಿನಲ್ಲೂ ಪಾಯ. ಅದು ಅದೇ ಜಾತಿಯೋ ಅಲ್ಲವೋ, ಫೋಟೋ ತೆಗೆಯಬೇಕಿತ್ತು ಅಂತ ಪುಸ್ತಕ ಓದಿದ ಮೇಲೆ ಹೊಳೆಯಿತು.

ಬಯಲುಸೀಮೆ ಬಸ್ಯಾ:
ನಮ್ಮ ಕಡೆ ಹೊಸ ಕಪ್ಪೆ ಸಿಕ್ಕಿಲ್ಲ. ಆದರೆ ನಮ್ಮಲ್ಲಿ ಕಪ್ಪೆ ಅರಭಟ್ಟ ಇದ್ದಾನೆ, ಬಾದಾಮಿ ಶಾಸನ, ಸುಮಾರು ಕ್ರಿ.ಶ. 700. ಕನ್ನಡದ ಹಳೇ ತ್ರಿಪದಿ ಅದರಲ್ಲೇ ಇರುವುದು. ನಿಮ್ಮ ಎಲ್ಲ ಕಪ್ಪೆಗಳಿಗಿಂತ ಸೀನಿಯರ್.

ನಿವೃತ್ತ ಮೇಷ್ಟ್ರು:
ಬಸವರಾಜ, ಅದು ಮನುಷ್ಯನ ಹೆಸರು.

ಬಯಲುಸೀಮೆ ಬಸ್ಯಾ:
ಗೊತ್ತು ಸರ್. ಕೈಲಾಸದಲ್ಲಿ ಕೂತು ಬೇಜಾರು ಮಾಡಿಕೊಳ್ಳಬಾರದು ಅಂತ ಸೇರಿಸಿದೆ. ನಿಜವಾದ ಪ್ರಶ್ನೆ ಇದು: ಮಳೆ ಬರದಿದ್ದರೆ ನಮ್ಮೂರಲ್ಲಿ ಕಪ್ಪೆಗೆ ಮದುವೆ ಮಾಡುತ್ತಾರೆ. ಹಿಡಿದು ತಂದು, ಅರಿಶಿನ ಕುಂಕುಮ ಹಚ್ಚುತ್ತಾರೆ. ಅದು ಚರ್ಮದಲ್ಲೇ ಉಸಿರಾಡುತ್ತದೆ ಅಂತ ಪುಸ್ತಕದಲ್ಲಿ ಓದಿ ಹೊಟ್ಟೆ ಚುರ್ ಅಂತು. ಹೋದ ವರ್ಷ ನಾನೇ ಕಪ್ಪೆ ಹಿಡಿದುಕೊಟ್ಟವನು. ಊರವರಿಗೆ ಬೇಜಾರಾಗದ ಹಾಗೆ ಇದನ್ನು ಹೇಗೆ ಹೇಳುವುದು? ಲೇಖಕಿ ಇಂಥ ಊರುಗಳಿಗೆ ಹೋಗಿದ್ದಾರಾ?

ಬಹ್ರೇನ್ ಭಟ್ಟ:
ಚರ್ಮದಿಂದ ಉಸಿರಾಡುವುದು ಸರಿ, ಆದರೆ ಶ್ವಾಸಕೋಶವೂ ಇದೆ ಅಲ್ವಾ? ನೀರು ಕುಡಿಯುವುದು ಬಾಯಿಂದ ತಾನೆ?

ನಿವೃತ್ತ ಮೇಷ್ಟ್ರು:
ದೊಡ್ಡ ಕಪ್ಪೆಗೆ ಶ್ವಾಸಕೋಶ ಇದೆ, ಜೊತೆಗೆ ಚರ್ಮವೂ ಕೆಲಸ ಮಾಡುತ್ತದೆ. ಬಾಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ಹೊಟ್ಟೆ ಊರಿ ಕೂತು, ಹೊಟ್ಟೆಯ ಕೆಳಗಿನ ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಅದಕ್ಕೇ ಗದ್ದೆಗೆ ಹೊಡೆದ ಔಷಧಿಯೂ ಹಾಗೇ ಒಳಗೆ ಹೋಗುತ್ತದೆ. ಬಸವರಾಜನ ಅರಿಶಿನಕ್ಕೂ ಅದೇ ಉತ್ತರ.

ಮೌನ ಸದಸ್ಯೆ:
ಎರಡು ವರ್ಷದಿಂದ ಬರೀ ಓದುತ್ತಿದ್ದೆ, ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ಪುಟ 77, ಕೊಟ್ಟಿಗೆಹಾರದ ಕುಣಿಯುವ ಕಪ್ಪೆ. ಝರಿಯ ಸದ್ದಿನಲ್ಲಿ ಕೂಗು ಸಾಲದು ಅಂತ ಗಂಡು ಕಪ್ಪೆ ಹಿಂಗಾಲು ಚಾಚಿ, ಬೆರಳು ಬಿಡಿಸಿ ಬೀಸುತ್ತದಂತೆ. ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಆ ಪುಟ ಮೂರು ಸಲ ಓದಿದೆ. ಪ್ರಶ್ನೆ ಏನೂ ಇಲ್ಲ. ಅವತ್ತು ಮಾತಿನ ಜೊತೆ ಚಾಟ್‌ನಲ್ಲಿ ಯಾರಾದರೂ ಟೈಪ್ ಮಾಡುತ್ತಾ ಹೋದರೆ ನಾನೂ ಸೇರಬಹುದು.

ಸಾಗರದ ಓದುಗಿತ್ತಿ:
ಖಂಡಿತ. ಇಷ್ಟು ದಿನ ನಮಗೆ ಹೊಳೆಯಲೇ ಇಲ್ಲ, ತಪ್ಪು ನಮ್ಮದು. ಯಾರು ಟೈಪ್ ಮಾಡುತ್ತೀರಿ?

ಜೀನಿಯಸ್ ಗಿರಿ:
ನಾನು ಮಾಡುತ್ತೇನೆ. ಕನ್ನಡ ಕೀಬೋರ್ಡ್ ವೇಗವಾಗಿ ಬರುತ್ತೆ. ಸ್ವಂತ ಕೈಯಲ್ಲೇ.

ಮಿಡಿ ಉಪ್ಪಿನಕಾಯಿ:
ಗಿರಿ, ನಿನ್ನ ಎಲ್ಲ ಪಾಪ ಪರಿಹಾರ.

ನಿವೃತ್ತ ಮೇಷ್ಟ್ರು:
ಆ ಕೊಟ್ಟಿಗೆಹಾರದ ಕಪ್ಪೆಯನ್ನು 1937ರಲ್ಲೇ ವಿವರಿಸಿದವರು ಸಿ.ಆರ್. ನಾರಾಯಣರಾಯರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು. 1932ರಲ್ಲಿ ಶುರುವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಒಂದು ಇಡೀ ಕಪ್ಪೆ ಕುಲಕ್ಕೆ ರಾವೋರ್ಕೆಸ್ಟಿಸ್ ಅಂತ ಅವರ ಹೆಸರಿದೆ. ಅವರ ಬಗ್ಗೆ ಪುಸ್ತಕದಲ್ಲಿ ಒಂದೇ ಪ್ಯಾರಾ. ಈಗ ಬಿಸಿನೀರಿಗೆ ವಾಪಸ್ ಬರೋಣವೇ?

ಪುಟ ತಿರುವಿದವ:
ಬರೋಣ ಮೇಷ್ಟ್ರೇ. ನಿನ್ನೆಯಿಂದ ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಪುಟ 231 ನೋಡಿದ್ದೀರಾ?

ನಿವೃತ್ತ ಮೇಷ್ಟ್ರು:
ಏನಿದೆ ಅಲ್ಲಿ?

ಪುಟ ತಿರುವಿದವ:
ಕೊನೆಯ ಅಧ್ಯಾಯ. ಮೊದಲ ಅಧ್ಯಾಯದಲ್ಲಿ ಹೇಳಿದ ಬಿಸಿನೀರಿನ ಕಥೆ ಸುಳ್ಳು ಅಂತ ಅವರೇ ಬರೆದಿದ್ದಾರೆ. ನಿಮ್ಮ ಗೋಲ್ಟ್ಸ್ ಕೂಡ ಇದ್ದಾನೆ, 25 ಡಿಗ್ರಿ ಕೂಡ ಇದೆ. ಕಪ್ಪೆಗೆ ಬಿಸಿ ಗೊತ್ತಾಗುತ್ತದೆ, ಪಾತ್ರೆ ಬಿಟ್ಟು ಹಾರಲು ನೋಡುತ್ತದೆ, ಆದರೆ ಹಾರಿದ ಕಡೆ ಕೆರೆ ಇರಬೇಕಲ್ಲ ಅಂತ ಮುಂದುವರಿಸಿದ್ದಾರೆ. ಬೇಕಂತಲೇ ಅಷ್ಟು ದೂರ ಎಳೆದಿದ್ದಾರೆ.

ಕುಡ್ಲದ ಹುಡುಗಿ:
ಅಯ್ಯಯ್ಯೋ.

ಬಹ್ರೇನ್ ಭಟ್ಟ:
ಮೇಷ್ಟ್ರೇ, ನೀವು ಎಷ್ಟನೇ ಪುಟದಲ್ಲಿದ್ದೀರಿ?

ನಿವೃತ್ತ ಮೇಷ್ಟ್ರು:
140.

ರಾಜಾನುಕುಂಟೆ ಲೋಕಲ್:
ನಾನು 170. ಮಾತಾಡಲ್ಲ.

ಸಾಗರದ ಓದುಗಿತ್ತಿ:
ನಿಜ ಹೇಳಿ, ಪೂರ್ತಿ ಓದಿದವರು ಎಷ್ಟು ಜನ? ನಾನು 215ಕ್ಕೆ ನಿಲ್ಲಿಸಿದ್ದೆ.

ಮೆಲ್ಬರ್ನ್ ಗೂಡು:
ಪುಸ್ತಕ ಇನ್ನೂ ಅಂಚೆಯಲ್ಲೇ ಇದೆ.

ನಿವೃತ್ತ ಮೇಷ್ಟ್ರು:
ರಾತ್ರಿ ಕೂತು ಮುಗಿಸಿದೆ. ಈಗ ಬೆಳಗಿನ ಐದು ಗಂಟೆ. ಒಪ್ಪಿಕೊಳ್ಳುತ್ತೇನೆ, ಆತುರಪಟ್ಟೆ. ಮೂವತ್ತೊಂದು ವರ್ಷ ಮಕ್ಕಳಿಗೆ "ಪ್ರಶ್ನೆಪತ್ರಿಕೆ ಪೂರ್ತಿ ಓದಿ ಆಮೇಲೆ ಬರೆಯಿರಿ" ಅಂತ ಹೇಳಿದವನು ನಾನೇ.

ಆದರೆ ಪ್ರಶ್ನೆ ಬಿಡುವುದಿಲ್ಲ, ತಿರುಗಿಸುತ್ತೇನೆ. ಇನ್ನೂರಕ್ಕೂ ಹೆಚ್ಚು ಪುಟ ಓದುಗರನ್ನು ಸುಳ್ಳಿನಲ್ಲೇ ಬಿಡಲು ಭಯ ಆಗಲಿಲ್ಲವೇ? ಅರ್ಧಕ್ಕೆ ನಿಲ್ಲಿಸಿದ ನನ್ನಂಥವನು ಆ ಕಥೆಯನ್ನೇ ನಿಜ ಅಂತ ಹೊತ್ತು ತಿರುಗುತ್ತಾನಲ್ಲ?

ಇನ್ನೊಂದು ಮಾತು, ಇದು ಪ್ರಶ್ನೆ ಅಲ್ಲ. ಪಿಯುಸಿ ಪ್ರಯೋಗಾಲಯದಲ್ಲಿ ವರ್ಷಕ್ಕೆ ಎಷ್ಟು ಕಪ್ಪೆ ಕೊಯ್ಸಿದ್ದೇನೋ ಲೆಕ್ಕ ಇಟ್ಟಿಲ್ಲ. ಒದ್ದೆ ಗೋಣಿತಾಟು ಮುಚ್ಚಿದ ಬಕೆಟ್‌ನಲ್ಲಿ ತರುತ್ತಿದ್ದರು. ಮುಚ್ಚಳ ಸರಿಸಿದರೆ ಎಲ್ಲವೂ ಒಟ್ಟಿಗೆ ಒಂದೇ ಮೂಲೆಗೆ ಸರಿಯುತ್ತಿದ್ದವು. ಮೇಣದ ತಟ್ಟೆ, ನಾಲ್ಕು ಗುಂಡುಸೂಜಿ. ಆ ಕಪ್ಪೆ ಯಾವ ಕೆರೆಯದು ಅಂತ ಒಂದು ದಿನವೂ ಕೇಳಲಿಲ್ಲ. ಎಲ್ಲದಕ್ಕೂ ಹೆಸರು ಒಂದೇ, "ಸ್ಪೆಸಿಮನ್".

ಮಿಡಿ ಉಪ್ಪಿನಕಾಯಿ:
ಮೇಷ್ಟ್ರೇ, ಇದನ್ನೇ ಹೇಳಿ ಅವತ್ತು. ನಿಮ್ಮ ಪ್ರಶ್ನೆಯೇ ಮೊದಲು ಇರಲಿ. ನನ್ನ ಪಾಯಸದ ಮಾತು ವಾಪಸ್.

ಕುಡ್ಲದ ಹುಡುಗಿ:
ನನ್ನ "ನಾಲ್ಕೇ ಸಾಲು" ಕೂಡ ವಾಪಸ್ ತಗೊಳ್ಳಬೇಕಾ ಅಂತ 164ರಿಂದ ಮುಂದೆ ಎಲ್ಲ ಓದಿದೆ. ಇಲ್ಲ, ನಾಲ್ಕೇ ಸಾಲು. ಕೇಳುತ್ತೇನೆ.

ಬಹ್ರೇನ್ ಭಟ್ಟ:
ನನಗೊಂದು ಭಾಷೆಯ ಪ್ರಶ್ನೆ. ಅವರು ಪುಸ್ತಕದುದ್ದಕ್ಕೂ "ಗೊದಮೊಟ್ಟೆ" ಅಂತಲೇ ಬರೆದಿದ್ದಾರೆ, ಟ್ಯಾಡ್‌ಪೋಲ್ ಅಂತ ಒಂದು ಕಡೆಯೂ ಇಲ್ಲ. ಖುಷಿಯಾಯ್ತು. ಆದರೆ ಉಭಯವಾಸಿ ಅಂತ ಪಠ್ಯದ ಪದ ಯಾಕೆ ಉಳಿಸಿಕೊಂಡರು? ನೆಲಕ್ಕೂ ನೀರಿಗೂ ಸಲ್ಲುವ ಜೀವಿಗೆ ನಮ್ಮ ಅಜ್ಜಂದಿರ ಬಾಯಲ್ಲಿ ಪದ ಇರಲಿಲ್ಲವಾ?

ಬಯಲುಸೀಮೆ ಬಸ್ಯಾ:
ಅಜ್ಜಂದಿರು ಕಪ್ಪೆಗೆ ಕಪ್ಪೆ ಅಂತಿದ್ದರು ಭಟ್ರೇ. ಗುಂಪಿಗೆ ಹೆಸರು ಬೇಕಾಗಿದ್ದು ಪರೀಕ್ಷೆ ಬರೆಯುವವರಿಗೆ.

ಸಾಗರದ ಓದುಗಿತ್ತಿ:
ಸರಿ, ಹೀಗೆ ಮಾಡೋಣ. ಮೊದಲು ಮೇಷ್ಟ್ರು, ಆಮೇಲೆ ಕುಂಬಾರ ಕಪ್ಪೆ, ಆಮೇಲೆ ಬಸ್ಯಾನ ಕಪ್ಪೆ ಮದುವೆ. ಅದಕ್ಕೆ ಸಮಯ ಜಾಸ್ತಿ ಬೇಕು. ಕುಡ್ಲ, ರಾಜಾನುಕುಂಟೆ ಸೇರಿಸಿ ಒಂದೇ ಪ್ರಶ್ನೆ: ಊರು ಬೆಳೆಯುವ ಜಾಗದ ಕಪ್ಪೆಗಳು. ಭಟ್ರದು ಸಮಯ ಇದ್ದರೆ. ಒಬ್ಬರಿಗೆ ಒಂದು ನಿಮಿಷ, ಸ್ವಪರಿಚಯ ಹೆಸರು, ಊರು, ಅಷ್ಟೇ. "ನನ್ನ ಪ್ರಶ್ನೆಯಲ್ಲಿ ಮೂರು ಭಾಗ ಇದೆ" ಅಂದವರ ಮೈಕ್ ನಾನೇ ಬಂದ್ ಮಾಡುತ್ತೇನೆ.

ಝೂಮ್ ಉಚಿತದಲ್ಲಿ 40 ನಿಮಿಷಕ್ಕೆ ಮುಗಿಯುತ್ತೆ. ಸುಬ್ಬನ ಕಡೆ ದುಡ್ಡು ಕಟ್ಟಿದ ಖಾತೆ ಇದೆಯಂತೆ, ಅದರಲ್ಲೇ.

ಸ್ಯಾನ್ ಹೋಸೆ ಸುಬ್ಬ:
ಅಂದರೆ ನಾನು ಏಳದಿದ್ದರೆ ಮೀಟಿಂಗೇ ಶುರುವಾಗಲ್ಲ ಅಂತಾಯ್ತು.

ಸಾಗರದ ಓದುಗಿತ್ತಿ:
ಮೂರು ಅಲಾರಂ ಇಡು ತಮ್ಮಾ. ನಾನೂ ಫೋನ್ ಮಾಡುತ್ತೇನೆ. ನಮ್ಮಲ್ಲಿ ಕರೆಂಟ್ ಹೋದರೆ ಮಾತ್ರ ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕು, ಹಾಗಾಗಿ 6.40ಕ್ಕೇ ಹೊರಟಿರುತ್ತೇನೆ.

ಮಿಡಿ ಉಪ್ಪಿನಕಾಯಿ:
ಅಕ್ಕ, ಗುಡ್ಡದ ಮೇಲಿಂದ ಮಾತಾಡುವಾಗ ಹಿಂದೆ ಕಪ್ಪೆ ಕೂಗುತ್ತಾ ಇರುತ್ತಾ? ಲೇಖಕಿಗೆ ಖುಷಿಯಾಗುತ್ತೆ.

ಸಾಗರದ ಓದುಗಿತ್ತಿ:
ನವೆಂಬರ್‌ನಲ್ಲಿ ಜೂನ್ ತಿಂಗಳ ಗಲಾಟೆ ಇರಲ್ಲ. ಬಚ್ಚಲ ಹಿಂದೆ ಒಂದು ಮಾತ್ರ ಇನ್ನೂ ಕೂಗುತ್ತಿದೆ. ನಿನ್ನೆ ರಾತ್ರಿ ರೆಕಾರ್ಡ್ ಮಾಡಿ ಇಲ್ಲೇ ಹಾಕಿದ್ದೇನೆ, ಕೇಳಿ. ಯಾವುದು ಅಂತ ಗೊತ್ತಾದರೆ ಹೇಳಿ.

ಬಯಲುಸೀಮೆ ಬಸ್ಯಾ:
ಕೇಳಿದೆ ಅಕ್ಕಾ. ಎರಡು ಸಲ ಕೂಗಿತು, ಆಮೇಲೆ ಕುಕ್ಕರ್ ಮೂರು ಸಲ ಕೂಗಿತು.